ಉಜ್ಜಿನಿ ಯಾವ ತಾಲ್ಲೂಕಿನಲ್ಲಿದೆ? ಶಾಸನಪಟ್ಟಿಯ ಡೇಟಾಬೇಸ್ ಬದಲಿಸಿದಾಗ ವರದಿಗಳು ನಿಧಾನವಾಗುವುದು ಯಾಕೆ

ಕ್ಷೇತ್ರಕಾರ್ಯಕ್ಕೆ ಹೊರಡುವವರು ಕೇಳೋದು ಒಂದೇ ಪ್ರಶ್ನೆ. ಉಜ್ಜಿನಿ ಮತ್ತು ಸುತ್ತಲಿನ ಊರುಗಳಲ್ಲಿ ಅಚ್ಚಾಗಿರುವ ಶಾಸನಗಳು ಎಷ್ಟು, ಅವುಗಳಲ್ಲಿ ಈಚಿನ ವರ್ಷಗಳಲ್ಲಿ ಸ್ಥಳಕ್ಕೆ ಹೋಗಿ ಕಲ್ಲನ್ನು ಕಣ್ಣಾರೆ ನೋಡಿಬಂದದ್ದು ಎಷ್ಟು, ಇನ್ನೂ ಯಾರೂ ನೋಡದೆ ಉಳಿದಿರುವುದು ಯಾವುದು? ಶಾಸನಗಳ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಟ್ಟುಕೊಂಡವರು ಇದನ್ನು ಒಂದು ವರದಿಯಾಗಿ ತೆಗೆದುಕೊಡ್ತಾರೆ. ಆ ಪಟ್ಟಿ ಮೈಎಸ್‌ಕ್ಯೂಎಲ್‌ನಲ್ಲಿ ಇದ್ದಾಗ ಕ್ಷಣದಲ್ಲಿ ಬರುತ್ತಿದ್ದ ವರದಿ, ನಕ್ಷೆಯ ಅನುಕೂಲಕ್ಕೋ ಇನ್ನಾವುದಕ್ಕೋ ಪೋಸ್ಟ್‌ಗ್ರೆಸ್‌ಗೆ ಸ್ಥಳಾಂತರಿಸಿದ ಮೇಲೆ ತೆವಳೋಕೆ ಶುರು ಮಾಡುತ್ತೆ. ಹವ್ಯಾಸಿಗಳ ಗುಂಪುಗಳಲ್ಲಿ ಈಚೆಗೆ ಇದು ಸಾಮಾನ್ಯ ದೂರು.

ವರದಿ ನಿಧಾನವಾದರೆ ಏನು ಮಹಾ ನಷ್ಟ ಅಂತ ಕೇಳಬಹುದು. ನಷ್ಟ ಇದೆ. ನಿಧಾನವಾದ ವರದಿಯನ್ನು ಜನ ಕೇಳೋದೇ ಬಿಡ್ತಾರೆ. ಹಳೆಯ ಮುದ್ರಿತ ಹಾಳೆ ಹಿಡಿದುಕೊಂಡು ಹೋಗ್ತಾರೆ. ಅದರಲ್ಲಿ ಇಲ್ಲದ ಊರಿಗೆ ಯಾರೂ ಹೋಗೋದಿಲ್ಲ, ಆ ಊರಿನ ಕಲ್ಲು ಯಾವುದೋ ಜೀರ್ಣೋದ್ಧಾರದಲ್ಲಿ ನೆಲಹಾಸಿಗೆ ಸೇರಿ ಹೋದರೂ ಗೊತ್ತಾಗೋದಿಲ್ಲ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು: ವೇಗ ಹೆಚ್ಚಿಸುವ ಆತುರದಲ್ಲಿ ಕ್ವೆರಿಯನ್ನು ತಿದ್ದಿದಾಗ ಉತ್ತರವೇ ಬದಲಾಗಿ, ಕೆಲವು ಶಾಸನಗಳು ಸದ್ದಿಲ್ಲದೆ ಪಟ್ಟಿಯಿಂದ ಜಾರಿಹೋಗುವುದು. ಹಾಗಾಗಿ ತಾಂತ್ರಿಕ ವಿಷಯವಾದರೂ ಇಲ್ಲಿ ಸ್ವಲ್ಪ ವಿವರವಾಗಿ ಬರೀತಿದ್ದೇನೆ.

ಮೊದಲು ಊರಿನ ವಿಚಾರ

ಉಜ್ಜಿನಿ ಅಂದರೆ ಎಲ್ಲರಿಗೂ ನೆನಪಾಗೋದು ಪಂಚಪೀಠಗಳಲ್ಲಿ ಒಂದಾದ ಸದ್ಧರ್ಮ ಪೀಠ, ಮರುಳಸಿದ್ಧೇಶ್ವರ ದೇವಾಲಯ, ರಥೋತ್ಸವದ ಹೊತ್ತಿಗೆ ನಡೆಯುವ ಶಿಖರ ತೈಲಾಭಿಷೇಕ. ಶಾಸನಪಟ್ಟಿ ಮಾಡುವವನಿಗೆ ಮಾತ್ರ ಈ ಊರು ಬೇರೆ ರೀತಿಯ ತಲೆನೋವು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಇದನ್ನು ಹುಡುಕಿದರೆ ಸಿಗೋದಿಲ್ಲ. ಯಾಕಂದ್ರೆ ರೈಸ್ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿನಲ್ಲಿ, ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರೆಸಿಡೆನ್ಸಿಗೆ ಸೇರಿತ್ತು. ಈ ಕಡೆಯ ಶಾಸನಗಳು ಮದರಾಸಿನ ವಾರ್ಷಿಕ ವರದಿಗಳಲ್ಲಿ ದಾಖಲಾಗಿ, ಆಮೇಲೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟದಲ್ಲಿ ಅಚ್ಚಾದವು. ಅದರ ಮೊದಲ ಭಾಗ ಬಂದದ್ದು 1939ರಲ್ಲಿ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ತನ್ನ ಶಾಸನ ಸಂಪುಟಗಳಲ್ಲಿ ಮೊದಲನೆಯದನ್ನು ಬಳ್ಳಾರಿ ಜಿಲ್ಲೆಗೇ ಮೀಸಲಿಟ್ಟಿತು.

ಈಗ ನೋಡ್ರಿ, ಹಳೆಯ ಪುಸ್ತಕದಲ್ಲಿ ಉಜ್ಜಿನಿ ಕೂಡ್ಲಿಗಿ ತಾಲ್ಲೂಕು, ಬಳ್ಳಾರಿ ಜಿಲ್ಲೆ. ಈಗಿನ ವಿಳಾಸ ಕೊಟ್ಟೂರು ತಾಲ್ಲೂಕು, ವಿಜಯನಗರ ಜಿಲ್ಲೆ. ಪಕ್ಕದ ಹರಪನಹಳ್ಳಿಯ ಪಾಡು ಇನ್ನೂ ವಿಚಿತ್ರ: ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯ್ತು, ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಶಾಸನಗಳ ಒಳಗಿನ ಭೂಗೋಳ ಇದ್ಯಾವುದಕ್ಕೂ ಸಂಬಂಧ ಇಲ್ಲದ್ದು. ಅಲ್ಲಿ ನೊಳಂಬವಾಡಿ ಮೂವತ್ತೆರಡು ಸಾವಿರ ಇದೆ, ಕೋಗಳಿ ಐನೂರು ಇದೆ.

ಅಂದರೆ ತಾಲ್ಲೂಕು ಅನ್ನೋದು ಶಾಸನದ ಗುಣ ಅಲ್ಲ, ಊರಿನ ಗುಣವೂ ಪೂರ್ತಿ ಅಲ್ಲ. ಅದು ಊರಿಗೂ ಕಾಲಕ್ಕೂ ಇರುವ ಸಂಬಂಧ. ಒಳ್ಳೆಯ ಡೇಟಾಬೇಸ್‌ನಲ್ಲಿ ಶಾಸನಗಳಿಗೆ ಒಂದು ಕೋಷ್ಟಕ, ಊರುಗಳಿಗೆ ಒಂದು ಕೋಷ್ಟಕ, ಯಾವ ಊರು ಯಾವಾಗಿಂದ ಯಾವಾಗಿನವರೆಗೆ ಯಾವ ತಾಲ್ಲೂಕು ಮತ್ತು ಜಿಲ್ಲೆಯಲ್ಲಿತ್ತು ಅನ್ನೋದಕ್ಕೆ ಮೂರನೆಯ ಕೋಷ್ಟಕ ಇರಬೇಕು. ಸ್ಥಳಪರಿಶೀಲನೆಯ ಟಿಪ್ಪಣಿಗಳಿಗೆ ನಾಲ್ಕನೆಯದು. ನಮ್ಮ ವರದಿ ಈ ನಾಲ್ಕನ್ನೂ ಜೋಡಿಸಬೇಕು. ನಿಧಾನ ಆಗೋದು ಈ ಜೋಡಣೆಯಲ್ಲೇ.

ಹೊಸ ಮನೆಯ ಅಪರಿಚಿತ ಪ್ಲ್ಯಾನರ್

ರಿಲೇಶನಲ್ ಡೇಟಾಬೇಸ್‌ಗೆ ನಾವು ಏನು ಬೇಕು ಅಂತ ಮಾತ್ರ ಹೇಳ್ತೀವಿ. ಹೇಗೆ ಹುಡುಕಬೇಕು ಅನ್ನೋದನ್ನು ಅದರೊಳಗಿನ ಪ್ಲ್ಯಾನರ್ ತೀರ್ಮಾನಿಸುತ್ತೆ. ಅದು ತೀರ್ಮಾನಿಸೋದು ಅಂದಾಜಿನ ಮೇಲೆ: ಈ ಷರತ್ತಿಗೆ ಎಷ್ಟು ಸಾಲು ಸಿಗಬಹುದು, ಇಂಡೆಕ್ಸ್ ಹಿಡಿದು ಹೋಗೋದು ಲಾಭವೋ, ಇಡೀ ಕೋಷ್ಟಕ ಓದೋದು ಲಾಭವೋ. ಅಂದಾಜಿಗೆ ಬೇಕಾದ ಅಂಕಿಅಂಶಗಳನ್ನು ಅನಲೈಜ್ ಎಂಬ ಆಜ್ಞೆ ಸಂಗ್ರಹಿಸುತ್ತೆ. ದತ್ತಾಂಶವನ್ನು ಈಗಷ್ಟೇ ತುಂಬಿದ ಪೋಸ್ಟ್‌ಗ್ರೆಸ್‌ನಲ್ಲಿ ಆ ಅಂಕಿಅಂಶ ಇರೋದಿಲ್ಲ. ಹಿನ್ನೆಲೆಯಲ್ಲಿ ಓಡುವ ಆಟೋವ್ಯಾಕ್ಯೂಮ್ ನಿಧಾನಕ್ಕೆ ಅದನ್ನು ಮಾಡುತ್ತೆ, ನಿಜ. ಆದರೆ ತುಂಬಿದ ಕೂಡಲೇ ವರದಿ ತೆಗೆದು ‘ಹೊಸದು ಸರಿಯಿಲ್ಲ’ ಅಂತ ತೀರ್ಪು ಕೊಡುವವರು ಬಹಳ ಜನ. ದತ್ತಾಂಶ ತುಂಬಿದ ಮೇಲೆ ಮೊದಲ ಕೆಲಸ ವ್ಯಾಕ್ಯೂಮ್ ಅನಲೈಜ್, ಆಮೇಲೆ ಬೇರೆ ಮಾತು.

ಎರಡನೆಯದು ಎಕ್ಸ್‌ಪ್ಲೇನ್. ಎಕ್ಸ್‌ಪ್ಲೇನ್ ಅನಲೈಜ್ ಬಫರ್ಸ್ ಅಂತ ಸೇರಿಸಿ ಕ್ವೆರಿ ಓಡಿಸಿದರೆ ಪ್ಲ್ಯಾನರ್ ಆರಿಸಿದ ದಾರಿ, ಪ್ರತಿ ಹಂತದಲ್ಲಿ ಅದು ಅಂದಾಜಿಸಿದ ಸಾಲುಗಳು, ನಿಜಕ್ಕೂ ಸಿಕ್ಕ ಸಾಲುಗಳು, ಹಿಡಿದ ಹೊತ್ತು ಎಲ್ಲ ಕಾಣುತ್ತೆ. ಶಾಸನದ ಪಡಿಯಚ್ಚು ತೆಗೆದ ಹಾಗೆ ಅಂದುಕೊಳ್ಳಿ. ಪಡಿಯಚ್ಚು ಇಲ್ಲದೆ ಪಾಠ ತಿದ್ದೋದು ಹೇಗೆ ತಪ್ಪೋ, ಪ್ಲ್ಯಾನ್ ನೋಡದೆ ಇಂಡೆಕ್ಸ್ ಸೇರಿಸುತ್ತಾ ಹೋಗೋದೂ ಹಾಗೇ. ಹೊತ್ತನ್ನು ಮೊದಲು ನೋಡಬೇಡಿ. ಅಂದಾಜು ಮತ್ತು ವಾಸ್ತವದ ಅಂತರ ಎಲ್ಲಿ ಮೊದಲು ಬಿರಿಯುತ್ತೆ ಅನ್ನೋದನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ರೋಗದ ಮೂಲ ಅಲ್ಲಿರುತ್ತೆ, ಮೇಲಿನ ಹಂತಗಳ ನಿಧಾನ ಬರೀ ಲಕ್ಷಣ.

ಮೈಎಸ್‌ಕ್ಯೂಎಲ್‌ನಿಂದ ಬಂದವರಿಗೆ ಅತಿ ಹೆಚ್ಚು ಸಲ ಸಿಗುವ ಕಾರಣ ಒಂದಿದೆ. ಶಾಸನ ಕೋಷ್ಟಕದಲ್ಲಿ ಊರಿನ ಸಂಖ್ಯೆಯನ್ನು ಫಾರಿನ್ ಕೀ ಅಂತ ಘೋಷಿಸಿದರೆ, ಇನ್ನೊಡಿಬಿ ಅದಕ್ಕೆ ತಾನಾಗಿಯೇ ಇಂಡೆಕ್ಸ್ ಕಟ್ಟುತ್ತೆ. ಪೋಸ್ಟ್‌ಗ್ರೆಸ್ ಕಟ್ಟೋದಿಲ್ಲ. ಫಾರಿನ್ ಕೀ ಸಂಬಂಧ ಉಳಿಯುತ್ತೆ, ತಪ್ಪು ಊರಿನ ಸಂಖ್ಯೆ ಹಾಕೋಕೆ ಬಿಡೋದಿಲ್ಲ, ಆದರೆ ‘ಉಜ್ಜಿನಿಯ ಶಾಸನಗಳನ್ನು ಕೊಡು’ ಅಂದಾಗ ಇಡೀ ಶಾಸನ ಕೋಷ್ಟಕವನ್ನು ಮೊದಲಿಂದ ಕೊನೆಯವರೆಗೆ ಓದುತ್ತೆ. ಸ್ಥಳಾಂತರದ ಸಾಧನ ಇಂಡೆಕ್ಸ್‌ಗಳನ್ನು ತಂದಿರಬಹುದು, ಬಿಟ್ಟಿರಬಹುದು. ಫಾರಿನ್ ಕೀ ಇರುವ ಪ್ರತಿ ಕಾಲಂಗೂ ಇಂಡೆಕ್ಸ್ ಇದೆಯಾ ಅಂತ ಒಂದೊಂದಾಗಿ ಪರೀಕ್ಷಿಸಿ. ಅರ್ಧ ದೂರುಗಳು ಇಲ್ಲೇ ಮುಗಿಯುತ್ತವೆ ಅನ್ನೋದು ನನ್ನ ಅನುಭವ.

ಕೊಟ್ಟೂರು ಎಂದರೆ ವಿಜಯನಗರವೇ ಅಂತ ಹೇಳಿಕೊಡೋದು

ಇನ್ನರ್ಧ ಸೂಕ್ಷ್ಮವಾದದ್ದು. ಲೆಕ್ಕಕ್ಕೆ ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆಡಳಿತ ಕೋಷ್ಟಕದಲ್ಲಿ 30,000 ಸಾಲು ಇವೆ ಅನ್ನಿ. ವಿಜಯನಗರ ಜಿಲ್ಲೆಗೆ ಸೇರಿದ್ದು ಮೂವತ್ತರಲ್ಲಿ ಒಂದು ಪಾಲು, ಅಂದರೆ 1,000. ಕೊಟ್ಟೂರು ತಾಲ್ಲೂಕಿನದು ಇನ್ನೂರರಲ್ಲಿ ಒಂದು ಪಾಲು, ಅಂದರೆ 150. ಜಿಲ್ಲೆ ವಿಜಯನಗರ ಮತ್ತು ತಾಲ್ಲೂಕು ಕೊಟ್ಟೂರು ಅಂತ ಎರಡೂ ಷರತ್ತು ಹಾಕಿದರೆ ನಮಗೆ ಗೊತ್ತು, ಸಿಗೋದು 150. ಪ್ಲ್ಯಾನರ್‌ಗೆ ಭೂಗೋಳ ಗೊತ್ತಿಲ್ಲ. ಎರಡು ಕಾಲಂಗಳೂ ಒಂದಕ್ಕೊಂದು ಸಂಬಂಧವಿಲ್ಲದವು ಅಂತ ಎಣಿಸಿ ಪಾಲುಗಳನ್ನು ಗುಣಿಸುತ್ತೆ: 30,000ದ ಮೂವತ್ತನೇ ಒಂದರ ಇನ್ನೂರನೇ ಒಂದು, ಅಂದರೆ 5. ಹೋಬಳಿಯನ್ನೂ ಸೇರಿಸಿದರೆ ಅಂದಾಜು ಒಂದಕ್ಕಿಂತ ಕೆಳಗಿಳಿಯುತ್ತೆ, ಆಗ ಪ್ಲ್ಯಾನರ್ ಅದನ್ನು 1 ಅಂತ ಇಟ್ಟುಕೊಳ್ಳುತ್ತೆ.

ಒಂದೇ ಸಾಲು ಅಂದುಕೊಂಡವನು ನೆಸ್ಟೆಡ್ ಲೂಪ್ ಆರಿಸೋದು ಸಹಜ: ಒಂದು ಊರು ತಗೋ, ಅದರ ಶಾಸನ ಹುಡುಕು, ಅದರ ಟಿಪ್ಪಣಿ ಹುಡುಕು. ನಿಜಕ್ಕೂ ನೂರಾರು ಸಾಲು ಬಂದಾಗ ಅದೇ ದಾರಿಯನ್ನು ನೂರಾರು ಸಲ ನಡೆಯಬೇಕಾಗುತ್ತೆ. ಮೂರು ನಾಲ್ಕು ಕೋಷ್ಟಕ ಜೋಡಿಸಿದಾಗ ಈ ತಪ್ಪು ಗುಣಿಸುತ್ತಾ ಹೋಗುತ್ತೆ. ಇದಕ್ಕೆ ಪೋಸ್ಟ್‌ಗ್ರೆಸ್‌ನಲ್ಲಿ 10ನೇ ಆವೃತ್ತಿಯಿಂದ ಕ್ರಿಯೇಟ್ ಸ್ಟ್ಯಾಟಿಸ್ಟಿಕ್ಸ್ ಎಂಬ ಆಜ್ಞೆ ಇದೆ. ಜಿಲ್ಲೆ, ತಾಲ್ಲೂಕು, ಹೋಬಳಿ ಪರಸ್ಪರ ಅವಲಂಬಿತ ಅಂತ ಅದರಲ್ಲಿ ಹೇಳಿ, ಮತ್ತೊಮ್ಮೆ ಅನಲೈಜ್ ಓಡಿಸಿದರೆ ಅಂದಾಜು ಹತ್ತಿರಕ್ಕೆ ಬರುತ್ತೆ. ಒಂದು ಮಿತಿ ನೆನಪಿಡಿ, ಈ ಕಾಲಂಗಳು ಒಂದೇ ಕೋಷ್ಟಕದಲ್ಲಿ ಇರಬೇಕು.

ಊರುಗಳ ನಡುವಿನ ಅಸಮತೋಲವೂ ಪ್ಲ್ಯಾನರನ್ನು ದಾರಿ ತಪ್ಪಿಸುತ್ತೆ. ಬಾಗಳಿಯ ಕಲ್ಲೇಶ್ವರದಂಥ ಕಡೆ ಒಂದೇ ಆವರಣದಲ್ಲಿ ಹತ್ತಾರು ಶಾಸನ, ಎಷ್ಟೋ ಹಳ್ಳಿಗಳಲ್ಲಿ ಒಂದು ವೀರಗಲ್ಲು ಮಾತ್ರ. ಊರಿನ ಸಂಖ್ಯೆಯ ಕಾಲಂಗೆ ಸ್ಟ್ಯಾಟಿಸ್ಟಿಕ್ಸ್ ಟಾರ್ಗೆಟ್ ಹೆಚ್ಚಿಸಿದರೆ (ಮಾಮೂಲಿ 100 ಇರುತ್ತೆ) ಇಂಥ ಶ್ರೀಮಂತ ಊರುಗಳು ಹೆಚ್ಚು ಸಂಖ್ಯೆಯಲ್ಲಿ ಲೆಕ್ಕಕ್ಕೆ ಬರುತ್ತವೆ.

ಹರಪನಹಳ್ಳಿಯ ನಾಲ್ಕು ವಿಳಾಸದ ವಿಚಾರಕ್ಕೆ ವಾಪಸ್ ಬರೋಣ. ಆಡಳಿತ ಕೋಷ್ಟಕವನ್ನು ಕಾಲದ ಷರತ್ತಿಲ್ಲದೆ ಜೋಡಿಸಿದರೆ ಆ ತಾಲ್ಲೂಕಿನ ಪ್ರತಿ ಶಾಸನ ನಾಲ್ಕು ಸಲ ಬರುತ್ತೆ. ಇದನ್ನು ಕಂಡವರು ಮಾಡುವ ಉಪಾಯ ಸೆಲೆಕ್ಟ್ ಪಕ್ಕ ಒಂದು ಡಿಸ್ಟಿಂಕ್ಟ್ ಸೇರಿಸೋದು. ಉತ್ತರ ಸರಿ ಕಾಣುತ್ತೆ, ಆದರೆ ನಾಲ್ಕುಪಟ್ಟು ಸಾಲು ಮಾಡಿ, ಉದ್ದುದ್ದ ಶಾಸನಪಾಠದ ಸಮೇತ ವಿಂಗಡಿಸಿ, ಆಮೇಲೆ ಎಸೆಯುವ ಕೆಲಸ ಅದು. ಆ ಕೆಲಸಕ್ಕೆ ಮಾಮೂಲಿ 4 ಎಂಬಿಯ ವರ್ಕ್ ಮೆಮ್ ಸಾಲದೆ ಡಿಸ್ಕಿಗೆ ಇಳಿಯುತ್ತೆ, ಎಕ್ಸ್‌ಪ್ಲೇನ್‌ನಲ್ಲಿ ಎಕ್ಸ್‌ಟರ್ನಲ್ ಮರ್ಜ್ ಅಂತ ಕಂಡರೆ ಅದೇ. ವರ್ಕ್ ಮೆಮ್ ಹೆಚ್ಚಿಸಿ ಸುಮ್ಮನಾಗೋದು ಸರಿಯಾದ ಮದ್ದಲ್ಲ. ‘ಇಂದು ಜಾರಿಯಲ್ಲಿರುವ ವಿಳಾಸ’ ಅನ್ನೋ ಷರತ್ತು ಹಾಕಿ. ಡಿಸ್ಟಿಂಕ್ಟ್ ತಾನೇ ಬೇಡವಾಗುತ್ತೆ. ವರದಿಯಲ್ಲಿ ಡಿಸ್ಟಿಂಕ್ಟ್ ಕಂಡಾಗಲೆಲ್ಲ ಯಾವ ಜೋಡಣೆ ಹಿಗ್ಗುತ್ತಿದೆ ಅಂತ ಸಂಶಯ ಪಡೋದು ಒಳ್ಳೆಯ ಅಭ್ಯಾಸ.

ಎರಡು ಕೊಟ್ಟೂರು

ಲಿಪಿಯ ವಿಷಯದಲ್ಲಿ ನಮ್ಮ ಓದುಗರಿಗೆ ಆಸಕ್ತಿ ಹೆಚ್ಚು, ಆದ್ದರಿಂದ ಇದನ್ನು ಬಿಡಿಸಿ ಹೇಳ್ತೀನಿ. ಕೊಟ್ಟೂರು ಪದದ ಮೊದಲ ಅಕ್ಷರ ‘ಕೊ’ ಯೂನಿಕೋಡ್‌ನಲ್ಲಿ ಎರಡು ರೀತಿ ಇರಬಹುದು. ಕಕಾರದ ಮುಂದೆ ಒತ್ವದ ಒಂದೇ ಚಿಹ್ನೆ ಇರಬಹುದು, ಇಲ್ಲವೇ ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆ ಎರಡಾಗಿ ಬಂದು ಕೂಡಿರಬಹುದು. ಪರದೆಯ ಮೇಲೆ ಎರಡೂ ಒಂದೇ. ಹಳೆಯ ನುಡಿ, ಬರಹ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿದ ಪಟ್ಟಿಗಳಲ್ಲಿ ಇಂಥ ಮಿಶ್ರಣ ಇರಬಹುದು. ಪೋಸ್ಟ್‌ಗ್ರೆಸ್‌ನ ಮಾಮೂಲಿ ಹೋಲಿಕೆಯಲ್ಲಿ ಇವು ಎರಡು ಬೇರೆ ಪದ. ತಾಲ್ಲೂಕುವಾರು ಎಣಿಕೆಯಲ್ಲಿ ಕೊಟ್ಟೂರು ಎರಡು ಸಲ ಬಂದು, ಎರಡರ ಮುಂದೆಯೂ ಅರ್ಧರ್ಧ ಸಂಖ್ಯೆ ಕಂಡರೆ ಗಾಬರಿ ಆಗಬೇಡಿ, ಕಾರಣ ಇದು. 13ನೇ ಆವೃತ್ತಿಯಿಂದ ನಾರ್ಮಲೈಜ್ ಎಂಬ ಫಂಕ್ಷನ್ ಇದೆ. ಅದನ್ನು ದತ್ತಾಂಶ ತುಂಬುವಾಗಲೇ ಒಮ್ಮೆ ಓಡಿಸಿ ಕಾಲಂನ್ನು ಶುದ್ಧ ಮಾಡಿಡಿ. ಪ್ರತಿ ವರದಿಯ ಷರತ್ತಿನಲ್ಲಿ ಕಾಲಂನ ಸುತ್ತ ಫಂಕ್ಷನ್ ಸುತ್ತಿದರೆ, ಬರೀ ಕಾಲಂ ಮೇಲೆ ಕಟ್ಟಿದ ಇಂಡೆಕ್ಸ್ ಕೆಲಸಕ್ಕೆ ಬರೋದಿಲ್ಲ.

ರೋಮನ್ ಲಿಪ್ಯಂತರದ ಕಾಲಂಗಳಲ್ಲಿ ಇದೇ ಕಥೆ ಬೇರೆ ವೇಷದಲ್ಲಿ. ಮೈಎಸ್‌ಕ್ಯೂಎಲ್ 8ರ ಮಾಮೂಲಿ ಕೊಲೇಶನ್ ದೊಡ್ಡಕ್ಷರ ಸಣ್ಣಕ್ಷರ ಭೇದ ನೋಡೋದಿಲ್ಲ, ಮೇಲಿನ ಗೆರೆ ಕೆಳಗಿನ ಚುಕ್ಕೆಗಳನ್ನೂ ಲೆಕ್ಕಕ್ಕಿಡೋದಿಲ್ಲ. ಚುಕ್ಕೆ ಹಾಕದೆ ಮರುಳಸಿದ್ಧ ಅಂತ ರೋಮನ್‌ನಲ್ಲಿ ಹುಡುಕಿದರೂ, ಳಕಾರಕ್ಕೆ ಚುಕ್ಕೆಯಿಟ್ಟು ಬರೆದ ಸಾಲು ಸಿಗುತ್ತಿತ್ತು. ಪೋಸ್ಟ್‌ಗ್ರೆಸ್‌ನಲ್ಲಿ ಸಿಗೋದಿಲ್ಲ. ಅದಕ್ಕೆ ಲೋವರ್, ಅನ್‌ಆಕ್ಸೆಂಟ್ ಅಂತ ಎರಡು ಫಂಕ್ಷನ್ ಸುತ್ತುತ್ತಾರೆ, ಇಂಡೆಕ್ಸ್ ಬಿದ್ದುಹೋಗುತ್ತೆ. ಲೋವರ್ ಒಂದೇ ಆದರೆ ಆ ಅಭಿವ್ಯಕ್ತಿಯ ಮೇಲೇ ಇಂಡೆಕ್ಸ್ ಕಟ್ಟಬಹುದು. ಅನ್‌ಆಕ್ಸೆಂಟ್‌ನ್ನು ಪೋಸ್ಟ್‌ಗ್ರೆಸ್ ಇಂಡೆಕ್ಸ್‌ನಲ್ಲಿ ನೇರವಾಗಿ ಒಪ್ಪೋದಿಲ್ಲ. ನನ್ನ ಸಲಹೆ, ‘ಹುಡುಕುರೂಪ’ ಅಂತ ಪ್ರತ್ಯೇಕ ಕಾಲಂ ಇಡಿ. ಉಜ್ಜಿನಿ, ಉಜ್ಜಯಿನಿ, ಉಜ್ಜೈನಿ ಎಲ್ಲ ರೂಪಗಳನ್ನೂ ಊರಿನ ಪರ್ಯಾಯನಾಮ ಕೋಷ್ಟಕದಲ್ಲಿ ಹಾಕಿ. ಶಾಸನದ ಮೂಲಪಾಠದ ಕಾಲಂನ್ನು ಮಾತ್ರ ಹುಡುಕಾಟದ ಅನುಕೂಲಕ್ಕೆ ತಿದ್ದಬಾರದು. ಱ, ೞ ಇದ್ದದ್ದು ಇದ್ದ ಹಾಗೇ ಇರಬೇಕು.

ಪಾಠದ ನಡುವೆ ಪದ ಹುಡುಕುವ ವರದಿಗಳು, ಉದಾಹರಣೆಗೆ ‘ಗದ್ಯಾಣ’ ಎಲ್ಲೆಲ್ಲಿ ಬಂದಿದೆ ಅನ್ನೋದು, ಎರಡೂ ಕಡೆ ಶೇಕಡಾ ಚಿಹ್ನೆ ಹಾಕಿದ ಲೈಕ್ ಷರತ್ತಿನಲ್ಲಿ ನಡೆಯುತ್ತವೆ. ಮಾಮೂಲಿ ಇಂಡೆಕ್ಸ್ ಇದಕ್ಕೆ ನೆರವಾಗೋದಿಲ್ಲ. ಟ್ರೈಗ್ರಾಂ ಇಂಡೆಕ್ಸ್ ನೆರವಾಗುತ್ತೆ, ಆದರೆ ಡೇಟಾಬೇಸ್‌ನ್ನು ಸಿ ಲೊಕೇಲ್‌ನಲ್ಲಿ ಸೃಷ್ಟಿಸಿದ್ದರೆ ಅದು ಕನ್ನಡ ಅಕ್ಷರಗಳನ್ನು ಅಕ್ಷರ ಅಂತಲೇ ಎಣಿಸೋದಿಲ್ಲ. ಕಟ್ಟುವ ಮೊದಲು ಶೋ ಟ್ರೈಗ್ರಾಂ ಫಂಕ್ಷನ್‌ಗೆ ಒಂದು ಕನ್ನಡ ಪದ ಕೊಟ್ಟು, ಏನು ಬರುತ್ತೆ ನೋಡಿ. ಖಾಲಿ ಬಂದರೆ ಮುಂದೆ ಹೋಗಬೇಡಿ.

ಶತಮಾನದ ವರದಿ

ಈ ಭಾಗದ ಶಾಸನಗಳಲ್ಲಿ ಶಕವರ್ಷ ಇರುತ್ತೆ, ಚಾಲುಕ್ಯ ವಿಕ್ರಮ ವರ್ಷ ಇರುತ್ತೆ, ಎಷ್ಟೋ ಸಲ ಏನೂ ಇಲ್ಲದೆ ಲಿಪಿ ನೋಡಿ ‘ಸುಮಾರು 12ನೇ ಶತಮಾನ’ ಅಂತ ಹೇಳಿರುತ್ತಾರೆ. ವರದಿಯಲ್ಲಿ ಶಕಕ್ಕೆ 78 ಕೂಡಿಸಿ, ನೂರರಿಂದ ಭಾಗಿಸಿ, ಬಂದ ಶತಮಾನವನ್ನು ಹೋಲಿಸಿದರೆ ಪ್ರತಿ ಸಾಲಿಗೂ ಲೆಕ್ಕ ನಡೆಯುತ್ತೆ, ಇಂಡೆಕ್ಸ್ ಮೂಲೆಯಲ್ಲಿ ಕೂತಿರುತ್ತೆ. ಕ್ರಿಸ್ತಶಕದ ಕನಿಷ್ಠ ಮತ್ತು ಗರಿಷ್ಠ ವರ್ಷವನ್ನು ಒಂದು ರೇಂಜ್ ಆಗಿ ಸಂಗ್ರಹಿಸಿ, ಅದಕ್ಕೆ ಜಿಸ್ಟ್ ಇಂಡೆಕ್ಸ್ ಕಟ್ಟಿ, ‘ಈ ಅವಧಿಯ ಜೊತೆ ಒಂದರ ಮೇಲೊಂದು ಬೀಳುವುದು’ ಅಂತ ಕೇಳಿ. ವೇಗವೂ ಸಿಗುತ್ತೆ, ಪ್ರಾಮಾಣಿಕತೆಯೂ ಉಳಿಯುತ್ತೆ: ಲಿಪಿಯಿಂದ ಊಹಿಸಿದ ಶಾಸನಕ್ಕೆ 1150 ಅಂತ ಸುಳ್ಳು ಖಚಿತತೆ ಕೊಡಬೇಕಾಗಿಲ್ಲ, 1101ರಿಂದ 1200 ಅಂತ ಇಟ್ಟರೆ ಸಾಕು. ಹಳೆಯ ಕಡೆ ತಿಥಿ ಗೊತ್ತಿಲ್ಲದ್ದಕ್ಕೆ ಎಲ್ಲ ಸೊನ್ನೆಯ ದಿನಾಂಕ ತುಂಬಿದ್ದರೆ ಪೋಸ್ಟ್‌ಗ್ರೆಸ್ ಅದನ್ನು ಒಪ್ಪೋದೇ ಇಲ್ಲ, ಅಲ್ಲಿ ನಲ್ ಹಾಕಬೇಕು.

ಊರುವಾರು ಶಾಸನಸಂಖ್ಯೆಗಳನ್ನು ಅಲ್ಪವಿರಾಮ ಹಾಕಿ ಒಂದೇ ಸಾಲಿನಲ್ಲಿ ತೋರಿಸೋಕೆ ಮೈಎಸ್‌ಕ್ಯೂಎಲ್‌ನಲ್ಲಿ ಗ್ರೂಪ್ ಕಾನ್‌ಕ್ಯಾಟ್ ಬಳಸ್ತಾರೆ. ಅದರ ಮಾಮೂಲಿ ಮಿತಿ 1024 ಬೈಟ್. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು, ಅಂದರೆ ಸುಮಾರು 341 ಸಂಕೇತ ಆದ ಮೇಲೆ ಪಟ್ಟಿ ತುಂಡಾಗುತ್ತೆ, ವರದಿ ಎಂದಿನಂತೆ ಬರುತ್ತಲೇ ಇರುತ್ತೆ. ಬಾಗಳಿಯಂಥ ಊರಿನ ಪಟ್ಟಿ ಅರ್ಧಕ್ಕೆ ನಿಂತಿದ್ದರೂ ಯಾರ ಕಣ್ಣಿಗೂ ಬೀಳದೆ ಇರಬಹುದು. ಪೋಸ್ಟ್‌ಗ್ರೆಸ್‌ನ ಸ್ಟ್ರಿಂಗ್ ಆಗ್ ಹಾಗೆ ಕತ್ತರಿಸೋದಿಲ್ಲ. ಹೊಸ ವರದಿ ಹಳೆಯದಕ್ಕಿಂತ ಉದ್ದ ಬಂದರೆ ಅದನ್ನು ದೋಷ ಅಂತ ತಿಳಿಯುವ ಮೊದಲು ಇದನ್ನು ನೋಡಿ.

ಇನ್ನು ಸೆಲೆಕ್ಟ್ ಪಟ್ಟಿಯೊಳಗೆ ‘ಈ ಶಾಸನದ ಕೊನೆಯ ಸ್ಥಳಭೇಟಿ’ ಅಂತ ಒಳಕ್ವೆರಿ ಬರೆದಿದ್ದರೆ ಅದು ಪ್ರತಿ ಸಾಲಿಗೂ ಒಮ್ಮೆ ಓಡುತ್ತೆ. ಭೇಟಿ ಕೋಷ್ಟಕದಲ್ಲಿ ಶಾಸನಸಂಖ್ಯೆ ಮತ್ತು ದಿನಾಂಕ ಎರಡನ್ನೂ ಸೇರಿಸಿ ಇಂಡೆಕ್ಸ್ ಕಟ್ಟಿ, ಇಲ್ಲವೇ ಡಿಸ್ಟಿಂಕ್ಟ್ ಆನ್ ಬಳಸಿ ಒಮ್ಮೆಲೇ ಕೊನೆಯ ಭೇಟಿಗಳನ್ನು ತೆಗೆದು ಜೋಡಿಸಿ. ಪೂರ್ಣ ಶಾಸನಪಾಠ ವರದಿಗೆ ಬೇಡವಾದರೆ ಕೇಳಬೇಡಿ. ಸುಮಾರು 2 ಕೆಬಿ ಮೀರಿದ ಸಾಲುಗಳಲ್ಲಿ ಉದ್ದ ಪಾಠವನ್ನು ಪೋಸ್ಟ್‌ಗ್ರೆಸ್ ಕುಗ್ಗಿಸುತ್ತೆ, ಸಾಲದಿದ್ದರೆ ಟೋಸ್ಟ್ ಎಂಬ ಬೇರೆ ಜಾಗದಲ್ಲಿ ಇಡುತ್ತೆ. ಸೆಲೆಕ್ಟ್ ಮುಂದೆ ನಕ್ಷತ್ರ ಹಾಕಿದರೆ ಅದನ್ನೆಲ್ಲ ತಂದು ಬಿಡಿಸಬೇಕಾಗುತ್ತೆ. ಹಾಗಂತ ಇಷ್ಟೂ ಮಾಡೋದಕ್ಕಿಂತ ರಾತ್ರಿ ಒಮ್ಮೆ ಮೆಟೀರಿಯಲೈಜ್ಡ್ ವ್ಯೂ ನವೀಕರಿಸಿದರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲುತ್ತೆ, ಆದರೆ ಕೊನೆಯಲ್ಲಿ. ತಪ್ಪು ಎಣಿಕೆಯನ್ನು ವ್ಯೂನಲ್ಲಿ ಕೂರಿಸಿದರೆ ಅದು ವೇಗವಾಗಿ ತಪ್ಪು ಹೇಳುತ್ತೆ ಅಷ್ಟೇ.

ವೇಗಕ್ಕಾಗಿ ಮಾಡಬಾರದ್ದು ಒಂದಿದೆ. ಲೆಫ್ಟ್ ಜಾಯಿನ್ ಇದ್ದದ್ದನ್ನು ಬರೀ ಜಾಯಿನ್ ಮಾಡಿದರೆ ಅನೇಕ ಸಲ ಕ್ವೆರಿ ಚುರುಕಾಗುತ್ತೆ. ಆದರೆ ಭೇಟಿಯೇ ಆಗದ ಶಾಸನಕ್ಕೆ ಭೇಟಿ ಕೋಷ್ಟಕದಲ್ಲಿ ಸಾಲು ಇರೋದಿಲ್ಲ, ಹಾಗಾಗಿ ಅದು ವರದಿಯಿಂದಲೇ ಹೊರಬೀಳುತ್ತೆ. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರಿನವು, ಸ್ಥಳ ಗುರುತಿಸಲಾಗದವು ಎಲ್ಲ ಹೀಗೇ ಜಾರುತ್ತವೆ. ನಮಗೆ ಬೇಕಾದದ್ದೇ ಯಾರೂ ನೋಡದ ಕಲ್ಲುಗಳ ಪಟ್ಟಿ! ಅದನ್ನು ನಾಟ್ ಎಕ್ಸಿಸ್ಟ್ಸ್ ಷರತ್ತಿನಲ್ಲಿ ಬರೆದರೆ ಪ್ಲ್ಯಾನರ್ ಆಂಟಿ ಜಾಯಿನ್ ಮಾಡಿ ಬೇಗ ಕೊಡುತ್ತೆ. ನಾಟ್ ಇನ್ ಬೇಡ. ಒಳಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಉತ್ತರ ಪೂರ್ತಿ ಖಾಲಿ ಬರುತ್ತೆ.

ಹಳೆಯ ಡೇಟಾಬೇಸ್‌ನ್ನು ಓದಲು ಮಾತ್ರ ಬರುವಂತೆ ಕೆಲವು ತಿಂಗಳು ಇಟ್ಟುಕೊಳ್ಳಿ. ಪ್ರತಿ ವರದಿಯನ್ನೂ ಎರಡೂ ಕಡೆ ಓಡಿಸಿ, ಊರುವಾರು ಎಣಿಕೆ ಹೋಲಿಸಿ, ವ್ಯತ್ಯಾಸ ಬಂದ ಊರುಗಳನ್ನಷ್ಟೇ 9ನೇ ಸಂಪುಟ ಮತ್ತು ಹಂಪಿಯ ಸಂಪುಟ ಎದುರಿಟ್ಟುಕೊಂಡು ಕೈಯಾರೆ ನೋಡಿ. ಉಜ್ಜಿನಿಯಿಂದ ಶುರು ಮಾಡಿದರೆ ಅನುಕೂಲ. ಕೂಡ್ಲಿಗಿ ಅಂತ ದಾಖಲಾದವು, ಕೊಟ್ಟೂರು ಅಂತ ದಾಖಲಾದವು, ಉಜ್ಜಯಿನಿ ಅಂತ ಬರೆದವು ಮೂರೂ ಒಂದೇ ಊರಿನ ಸಂಖ್ಯೆಗೆ ಸೇರಿವೆಯಾ ಅಂತ ಅಲ್ಲೇ ಗೊತ್ತಾಗುತ್ತೆ.